ಹಿರಿಯರ ತಂಡದ ಕೊನೆಯ ನಾಯಕ ಎಸ್. ನಿಜಲಿಂಗಪ್ಪ

ಹಲವು ಪಂದ್ಯಗಳನ್ನು ಗೆದ್ದುಕೊಟ್ಟ ತಂಡಕ್ಕೆ ವಯಸ್ಸಾದಾಗ ಏಳುವ ಪ್ರಶ್ನೆ ಒಂದೇ. ಹಿರಿಯರನ್ನು ಉಳಿಸಿಕೊಳ್ಳಬೇಕೆ, ಇಲ್ಲವೆ ಅವರನ್ನೆಲ್ಲ ಬದಿಗಿರಿಸಿ ತಂಡವನ್ನು ಹೊಸದಾಗಿ ಕಟ್ಟಬೇಕೆ? ಬ್ಯಾಸ್ಕೆಟ್‌ಬಾಲ್ ಅಂಕಣವಿರಲಿ, ಕ್ರಿಕೆಟ್ ಮೈದಾನವಿರಲಿ, ಆಯ್ಕೆಗಾರರನ್ನು ಕಾಡುವ ಪ್ರಶ್ನೆ ಇದು. ಇದೇ ಪ್ರಶ್ನೆ 1969ರಲ್ಲಿ ದೇಶದ ಅತಿ ದೊಡ್ಡ ರಾಜಕೀಯ ಪಕ್ಷವನ್ನು ಎರಡು ಹೋಳಾಗಿಸಿತು. ಆಗ ಹಿರಿಯರ ಪಾಳೆಯದ ಮುಂಚೂಣಿಯಲ್ಲಿ ನಿಂತಿದ್ದವರು ಚಿತ್ರದುರ್ಗದ ವಕೀಲ, ಮೊಳಕಾಲ್ಮೂರು ಕ್ಷೇತ್ರವನ್ನು ಒಮ್ಮೆ ಪ್ರತಿನಿಧಿಸಿದ್ದ ಸಿದ್ಧವನಹಳ್ಳಿ ನಿಜಲಿಂಗಪ್ಪ.

ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಎಂದು ನಾಡು ಅವರನ್ನು ಸ್ಮರಿಸುತ್ತದೆ. ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದ ಅಧ್ಯಕ್ಷ ಎಂದು ದೇಶ ನೆನೆಯುತ್ತದೆ. ಈ ಎರಡರ ನಡುವೆ ಇನ್ನೊಬ್ಬ ನಿಜಲಿಂಗಪ್ಪ ಇದ್ದಾರೆ. ತಮ್ಮ ರಾಜ್ಯದಲ್ಲಿ ಕಿರಿಯರನ್ನು ಬೆಳೆಸಿ ಅಧಿಕಾರವನ್ನು ಅವರ ಕೈಗಿತ್ತು ಹೊರನಡೆದ ಈ ನಾಯಕ, ದಿಲ್ಲಿಯಲ್ಲಿ ಹಿರಿಯರ ಹಿಡಿತವನ್ನು ಉಳಿಸಲು ಹೋಗಿ ಎಲ್ಲವನ್ನೂ ಕಳೆದುಕೊಂಡರು.

ಹಲುವಾಗಲಿನಿಂದ ದುರ್ಗಕ್ಕೆ

ನಿಜಲಿಂಗಪ್ಪನವರು ಜನಿಸಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಊರು ಅಂದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ದಾವಣಗೆರೆ, ಚಿತ್ರದುರ್ಗಗಳಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯಲ್ಲಿ ಕಾನೂನು ವ್ಯಾಸಂಗ ಮುಗಿಸಿದರು. ಮದರಾಸು ಪ್ರಾಂತ್ಯದಲ್ಲಿ ಜನನ, ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ, ಮುಂಬಯಿ ಪ್ರಾಂತ್ಯದಲ್ಲಿ ಕಾನೂನು ಪದವಿ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಯ ಕಷ್ಟವನ್ನು ಅವರಿಗೆ ಬೇರೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ಆರಂಭಿಸಿದ ಅವರನ್ನು ಸ್ವಾತಂತ್ರ್ಯ ಚಳವಳಿ ಸೆಳೆಯಿತು. 1939ರಲ್ಲಿ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆದಾಗ ಅವರು ಸೆರೆಮನೆ ಸೇರಿದರು. ಮುಂದೆ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿ ಏಕೀಕರಣದ ಹೋರಾಟಕ್ಕೆ ಬಲ ತುಂಬಿದರು. ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1952ರ ಮೊದಲ ಮಹಾಚುನಾವಣೆಯಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು.

ಮೊಳಕಾಲ್ಮೂರಿನ ಶಾಸಕ

1956ರ ನವೆಂಬರ್ 1ರಂದು ಐದು ಆಡಳಿತ ಪ್ರದೇಶಗಳ ಕನ್ನಡ ಭಾಗಗಳು ಒಂದಾದವು. ಹಳೆಯ ಮೈಸೂರಿನಲ್ಲಿ ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ ಅವರಂತಹ ಅನುಭವಿಗಳು ಆಡಳಿತ ನಡೆಸಿದ್ದರೂ, ವಿಶಾಲ ರಾಜ್ಯದ ಚುಕ್ಕಾಣಿ ಹಿಡಿಯುವ ಅವಕಾಶ ದೊರೆತದ್ದು ನಿಜಲಿಂಗಪ್ಪನವರಿಗೆ. ಆಗ ಅವರಿಗೆ 53 ವರ್ಷ. ಹೊಸ ರಾಜ್ಯಕ್ಕೆ ಹೊಸ ನಾಯಕ ಎಂಬುದು ಅಂದಿನ ಕಾಂಗ್ರೆಸ್ಸಿನ ತೀರ್ಮಾನವಾಗಿತ್ತು. ಹಿರಿಯರನ್ನು ಬದಿಗಿಟ್ಟು ತಂಡ ಕಟ್ಟಿದ್ದರ ಮೊದಲ ಫಲಾನುಭವಿ ಸ್ವತಃ ನಿಜಲಿಂಗಪ್ಪನವರೇ ಎಂಬುದನ್ನು ಮರೆಯುವಂತಿಲ್ಲ.

1957ರ ವಿಧಾನಸಭಾ ಚುನಾವಣೆಯಲ್ಲಿ ಅವರು ಸ್ಪರ್ಧಿಸಿ ಗೆದ್ದದ್ದು ಮೊಳಕಾಲ್ಮೂರಿನಿಂದ. ರೇಷ್ಮೆ ಸೀರೆಯ ನೇಕಾರರು, ಶೇಂಗಾ ಬೆಳೆದು ಮಳೆಗಾಗಿ ಮುಗಿಲು ನೋಡುವ ರೈತರು, ಅಶೋಕನ ಶಾಸನಗಳಿರುವ ಬ್ರಹ್ಮಗಿರಿಯ ಸುತ್ತಲಿನ ದನಗಾಹಿಗಳು ಇರುವ ಬರದ ಸೀಮೆ ಅದು. ಪಕ್ಕದ ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಆದರೆ ಶಾಸಕಾಂಗ ಪಕ್ಷದೊಳಗಿನ ಭಿನ್ನಮತ ಅವರನ್ನು ನೆಮ್ಮದಿಯಿಂದಿರಲು ಬಿಡಲಿಲ್ಲ. 1958ರ ಮೇ ತಿಂಗಳಲ್ಲಿ ಅಧಿಕಾರ ಬಿಟ್ಟುಕೊಡಬೇಕಾಯಿತು. ಬಿ.ಡಿ. ಜತ್ತಿ ಮುಖ್ಯಮಂತ್ರಿಯಾದರು.

1962ರಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿತು. ಹೊಸದುರ್ಗದಲ್ಲಿ ಕಣಕ್ಕಿಳಿದಿದ್ದ ನಿಜಲಿಂಗಪ್ಪನವರನ್ನು ಪ್ರಜಾ ಸೋಷಲಿಸ್ಟ್ ಪಕ್ಷದ ಅಭ್ಯರ್ಥಿ ಸೋಲಿಸಿದರು. ಪಕ್ಷಕ್ಕೆ ಬಹುಮತ ಬಂದಿತ್ತು, ನಾಯಕನಿಗೆ ಸದನದಲ್ಲಿ ಸ್ಥಾನವಿರಲಿಲ್ಲ. ಎಸ್.ಆರ್. ಕಂಠಿ ಮಾರ್ಚ್ ತಿಂಗಳಲ್ಲಿ ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಆಯ್ಕೆಯಾಗಿ ಬರುತ್ತಿದ್ದಂತೆ, ಜೂನ್ ತಿಂಗಳಲ್ಲಿ ಕಂಠಿಯವರು ಸ್ಥಾನ ತೆರವು ಮಾಡಿದರು. ಪಾದುಕೆಯನ್ನಿಟ್ಟು ರಾಜ್ಯವಾಳಿದ ಭರತನನ್ನು ನೆನಪಿಗೆ ತರುವ ಪ್ರಸಂಗವಿದು. ಹಿರಿಯನೊಬ್ಬ ಸೋತಾಗ ತಂಡ ಆತನನ್ನು ಕೈಬಿಡದೆ ಕಾಯಿತು.

ಆ ವಿಶ್ವಾಸ ವ್ಯರ್ಥವಾಗಲಿಲ್ಲ. ಮುಂದಿನ ಆರು ವರ್ಷಗಳಲ್ಲಿ ಶರಾವತಿ ವಿದ್ಯುತ್ ಯೋಜನೆ ನಾಡಿಗೆ ಬೆಳಕು ತಂದಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹಾಗೂ ಕೃಷಿ ವಿಶ್ವವಿದ್ಯಾಲಯ ತಲೆಯೆತ್ತಿದವು.

ಲವ-ಕುಶರ ಗುರು

ದಿಲ್ಲಿಯಲ್ಲಿ ಆಗಲೇ ಕಾಂಗ್ರೆಸ್ಸಿಗೆ ಮುಪ್ಪು ಅಡರುತ್ತಿತ್ತು. ಅದಕ್ಕೆ ಮದ್ದು ಎಂದು 1963ರಲ್ಲಿ ಮದರಾಸಿನ ಮುಖ್ಯಮಂತ್ರಿ ಕೆ. ಕಾಮರಾಜರ ಹೆಸರಿನ ಯೋಜನೆ ಬಂದಿತು. ಹಿರಿಯರು ಅಧಿಕಾರ ತ್ಯಜಿಸಿ ಪಕ್ಷ ಸಂಘಟನೆಗೆ ಮರಳಬೇಕೆಂಬುದು ಅದರ ತಿರುಳು. ಆರು ಮಂದಿ ಮುಖ್ಯಮಂತ್ರಿಗಳು ಹಾಗೂ ಆರು ಮಂದಿ ಕೇಂದ್ರ ಸಚಿವರು ಸ್ಥಾನ ಬಿಟ್ಟರು. ನಿಜಲಿಂಗಪ್ಪನವರು ಅವರಲ್ಲಿರಲಿಲ್ಲ. ಆದರೆ ಕಾಮರಾಜ್, ಅತುಲ್ಯ ಘೋಷ್, ಸಂಜೀವ ರೆಡ್ಡಿ, ಎಸ್.ಕೆ. ಪಾಟೀಲ್ ಮೊದಲಾದವರ ಜೊತೆ ಅವರ ಹೆಸರೂ ಕೇಳಿಬರತೊಡಗಿತು. ಪತ್ರಿಕೆಗಳು ಈ ಗುಂಪನ್ನು ಸಿಂಡಿಕೇಟ್ ಎಂದು ಕರೆದವು. ಅಧಿಕಾರದಿಂದ ಹೊರಗಿದ್ದೂ ಯಾರು ಅಧಿಕಾರದಲ್ಲಿರಬೇಕೆಂದು ನಿರ್ಧರಿಸುವ ಶಕ್ತಿ ಈ ಹಿರಿಯರಿಗೆ ಇತ್ತು. 1966ರ ಜನವರಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ನಿಧನರಾದಾಗ, ಮೊರಾರ್ಜಿ ದೇಸಾಯಿಯವರನ್ನು ಬಿಟ್ಟು ಇಂದಿರಾ ಗಾಂಧಿಯವರನ್ನು ಪ್ರಧಾನಿಯಾಗಿ ಆರಿಸಿದ್ದೂ ಇವರೇ.

1967ರ ಚುನಾವಣೆ ಎಚ್ಚರಿಕೆಯ ಗಂಟೆ ಬಾರಿಸಿತು. ಲೋಕಸಭೆಯಲ್ಲಿ ಕಾಂಗ್ರೆಸ್ಸಿನ ಬಲ 283ಕ್ಕೆ ಕುಸಿಯಿತು. ಹಲವು ರಾಜ್ಯಗಳು ಕೈತಪ್ಪಿದವು. ಕಾಮರಾಜ್ ಹಾಗೂ ಎಸ್.ಕೆ. ಪಾಟೀಲ್ ಸ್ವತಃ ಪರಾಭವಗೊಂಡರು. ಮೈಸೂರು ರಾಜ್ಯದಲ್ಲಿ ಮಾತ್ರ ನಿಜಲಿಂಗಪ್ಪನವರ ನೇತೃತ್ವದಲ್ಲಿ 216ರಲ್ಲಿ 126 ಸ್ಥಾನಗಳು ಲಭಿಸಿದವು. ಗೆದ್ದ ಹಿರಿಯನೆಂಬ ಈ ಹಿರಿಮೆಯೇ ಅವರನ್ನು 1968ರ ಆರಂಭದಲ್ಲಿ ಕಾಂಗ್ರೆಸ್ ಅಧ್ಯಕ್ಷ ಪದವಿಗೆ ಒಯ್ದಿತು.

ದಿಲ್ಲಿಗೆ ಹೊರಡುವ ಮುನ್ನ ರಾಜ್ಯದಲ್ಲಿ ಅವರು ಕೈಗೊಂಡ ಕ್ರಮ ಗಮನಾರ್ಹ. 1968ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು 44 ವರ್ಷದ ವೀರೇಂದ್ರ ಪಾಟೀಲರಿಗೆ ಒಪ್ಪಿಸಿದರು. ಅವರ ಜೊತೆಗೆ ರಾಮಕೃಷ್ಣ ಹೆಗಡೆ ಹಣಕಾಸು ಖಾತೆ ನಿರ್ವಹಿಸಿದರು. ಜನ ಈ ಇಬ್ಬರನ್ನು ನಿಜಲಿಂಗಪ್ಪನವರ ಲವ-ಕುಶರೆಂದು ಕರೆದರು. ತಂಡವನ್ನು ಒಡೆಯದೆ ತಲೆಮಾರು ಬದಲಿಸುವುದು ಹೇಗೆಂಬುದಕ್ಕೆ ಅಂದಿನ ಬೆಂಗಳೂರು ಒಂದು ಉದಾಹರಣೆ.

ಗಾಜಿನ ಮನೆಯ ತೀರ್ಮಾನ

ಇದೇ ವಿವೇಕ ದಿಲ್ಲಿಯಲ್ಲಿ ಫಲಿಸಲಿಲ್ಲ. ತಾವು ಆರಿಸಿದ ಪ್ರಧಾನಿ ತಮ್ಮ ಮಾತಿನಂತೆ ನಡೆಯುವರೆಂದು ಹಿರಿಯರು ನಿರೀಕ್ಷಿಸಿದ್ದರು. ಇಂದಿರಾ ಅವರು ತಮ್ಮದೇ ದಾರಿ ಹಿಡಿದರು. ಬ್ಯಾಂಕುಗಳ ಮೇಲಿನ ಹತೋಟಿ, ರಾಜಧನ ರದ್ದತಿ ಮುಂತಾದ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಹೆಚ್ಚಿತು. ಹೀಗಾಗಿ ಜಗಳ ಕೇವಲ ವಯಸ್ಸಿನದಾಗಿರಲಿಲ್ಲ, ಧೋರಣೆಯದೂ ಆಗಿತ್ತು.

1969ರ ಮೇ 3ರಂದು ರಾಷ್ಟ್ರಪತಿ ಜಾಕೀರ್ ಹುಸೇನ್ ನಿಧನರಾದರು. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತು. ಆ ಸಂದರ್ಭದಲ್ಲಿ ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಹುದ್ದೆಗೆ ಅಭ್ಯರ್ಥಿಯನ್ನಾಗಿ ಆರಿಸಿತು. ಉತ್ತರ ತಡವಾಗಲಿಲ್ಲ. ಮೊರಾರ್ಜಿ ಅವರ ಕೈಯಿಂದ ಹಣಕಾಸು ಖಾತೆ ಹೋಯಿತು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು.

ನಿಜಲಿಂಗಪ್ಪನವರು ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತ ಕೋರಿ ಜನಸಂಘ ಹಾಗೂ ಸ್ವತಂತ್ರ ಪಕ್ಷದ ಮುಖಂಡರನ್ನು ಭೇಟಿ ಮಾಡಿದರು. ಚುನಾವಣೆಯ ಲೆಕ್ಕದಲ್ಲಿ ಅದು ಸಹಜವಾದ ನಡೆಯಾಗಿರಬಹುದು. ಆದರೆ ಪಕ್ಷದ ತತ್ವಗಳನ್ನು ಹಿರಿಯರು ಎದುರಾಳಿಗೆ ಒತ್ತೆಯಿಟ್ಟರೆಂಬ ಆರೋಪಕ್ಕೆ ಅದೇ ಆಧಾರವಾಯಿತು. ಆತ್ಮಸಾಕ್ಷಿಯಂತೆ ಮತ ನೀಡುವ ಕರೆ ಇಂದಿರಾ ಪಾಳೆಯದಿಂದ ಹೊರಟಿತು. ಆಗಸ್ಟ್ 20ರ ಮತ ಎಣಿಕೆಯಲ್ಲಿ ಎರಡನೆಯ ಪ್ರಾಶಸ್ತ್ಯದ ಮತಗಳ ನೆರವಿನಿಂದ ವಿ.ವಿ. ಗಿರಿ ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾಂಗ್ರೆಸ್ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿತು. ಸಂಸದರಲ್ಲಿ ಬಹುಮಂದಿ ಇಂದಿರಾ ಅವರ ಬೆನ್ನಿಗೆ ನಿಂತಿದ್ದರಿಂದ ಸರ್ಕಾರ ಉಳಿಯಿತು. ಪಕ್ಷ ಒಡೆಯಿತು.

ಅದೇ ತಿಂಗಳು, ಕಾನ್ಪುರದಲ್ಲಿ

ತಂಡ ಬದಲಿಸುವ ಇನ್ನೊಂದು ಪ್ರಯೋಗವೂ ಅದೇ ತಿಂಗಳು ನಡೆದಿತ್ತು. ಉಚ್ಚಾಟನೆಯಾದ ಮೂರು ದಿನಗಳ ನಂತರ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಪಂದ್ಯ ಆರಂಭವಾಯಿತು. ವಿಜಯ್ ಮರ್ಚೆಂಟ್ ನೇತೃತ್ವದ ಆಯ್ಕೆ ಸಮಿತಿ ಯುವಕರಿಗೆ ಬಾಗಿಲು ತೆರೆದಿತ್ತು. ಭದ್ರಾವತಿಯ 20 ವರ್ಷದ ಜಿ.ಆರ್. ವಿಶ್ವನಾಥ್ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ರನ್ ಬಾರಿಸಿದರು. 1971ರ ಜನವರಿಯಲ್ಲಿ ಮರ್ಚೆಂಟ್ ಅವರ ನಿರ್ಣಾಯಕ ಮತದಿಂದ ನಾಯಕತ್ವ ಪಟೌಡಿಯವರಿಂದ ಅಜಿತ್ ವಾಡೇಕರ್ ಅವರಿಗೆ ಹೋಯಿತು. ಆದರೆ ವೆಸ್ಟ್ ಇಂಡೀಸಿಗೆ ತೆರಳಿದ ತಂಡದಲ್ಲಿ ಹೊಸಬ ಸುನಿಲ್ ಗಾವಸ್ಕರ್ ಜೊತೆಗೆ ಹಳಬರಾದ ದಿಲೀಪ್ ಸರ್ದೇಸಾಯಿ, ಸಲೀಂ ದುರಾನಿ ಸಹ ಇದ್ದರು. ಗಾವಸ್ಕರ್ 774 ರನ್ ಗಳಿಸಿದರೆ ಸರ್ದೇಸಾಯಿ 642 ರನ್ ಸೇರಿಸಿದರು. 1971ರ ಮಾರ್ಚ್ 10ರಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ಗೆದ್ದಿತು. ನಾಯಕ ಬದಲಾದರೂ ಹಿರಿಯರಿಗೆ ತಂಡದಲ್ಲಿ ಜಾಗ ಉಳಿದಿತ್ತು.

ಆ ಗೆಲುವಿನ ದಿನಗಳಲ್ಲೇ ದೇಶದಲ್ಲಿ ಮಧ್ಯಂತರ ಚುನಾವಣೆ ನಡೆಯಿತು. ಇಂದಿರಾ ಕಾಂಗ್ರೆಸ್ 352 ಸ್ಥಾನ ಗೆದ್ದರೆ, ಹಿರಿಯರ ಸಂಸ್ಥಾ ಕಾಂಗ್ರೆಸ್ಸಿಗೆ ದಕ್ಕಿದ್ದು ಕೇವಲ 16. ನಿಜಲಿಂಗಪ್ಪನವರ ಸ್ವಂತ ರಾಜ್ಯದ 27 ಸ್ಥಾನಗಳೂ ಎದುರಾಳಿಗಳ ಪಾಲಾದವು. ವೀರೇಂದ್ರ ಪಾಟೀಲರ ಸರ್ಕಾರ ಉರುಳಿತು. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು.

ಹೊಸ ತಂಡ ಎಷ್ಟು ಹೊಸದು?

ಗೆದ್ದ ಪಾಳೆಯವನ್ನು ಇಂದು ತಿರುಗಿ ನೋಡಿದರೆ ಅಚ್ಚರಿಯಾಗುತ್ತದೆ. ಅದರ ಅಧ್ಯಕ್ಷರಾದ ಜಗಜೀವನ ರಾಮ್ 1946ರ ಮಧ್ಯಂತರ ಸರ್ಕಾರದಲ್ಲಿಯೇ ಸಚಿವರಾಗಿದ್ದವರು. ನಿಜಲಿಂಗಪ್ಪನವರಿಗೂ ಮೊದಲೇ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯ ಅಲ್ಲಿ ರೈಲ್ವೆ ಸಚಿವರಾದರು. ಅರಸು 1952ರಿಂದಲೂ ಶಾಸಕರು, ನಿಜಲಿಂಗಪ್ಪನವರ ಸಂಪುಟದಲ್ಲಿ ದುಡಿದವರು. ಹಿಂದುಳಿದ ವರ್ಗಗಳಿಗೆ ಅಧಿಕಾರದ ಬಾಗಿಲು ತೆರೆದ, ಭೂಸುಧಾರಣೆ ತಂದ ಆ ಹೊಸ ಯುಗವನ್ನು ಮುನ್ನಡೆಸಿದವರೂ ಪಳಗಿದ ಕೈಗಳೇ.

ಇತ್ತ ಸೋತ ತಂಡದ ಕಿರಿಯರು ಮರೆಯಾಗಲಿಲ್ಲ. ಅರಸು ಆಡಳಿತದಲ್ಲಿ ಸಂಸ್ಥಾ ಕಾಂಗ್ರೆಸ್ಸಿನಿಂದ ವಿರೋಧ ಪಕ್ಷದ ನಾಯಕರಾಗಿದ್ದ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದರು. ಹೆಗಡೆ 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ವೀರೇಂದ್ರ ಪಾಟೀಲರು ಕಾಂಗ್ರೆಸ್ಸಿಗೆ ಮರಳಿ, 1989ರಲ್ಲಿ 224ರಲ್ಲಿ 178 ಸ್ಥಾನ ಗೆದ್ದ ಪಕ್ಷದ ಮುಖ್ಯಮಂತ್ರಿಯಾದರು.

ಹಿರಿಯರ ಸಂಘಟನೆಯನ್ನು ಕಿತ್ತೊಗೆದುದಕ್ಕೆ ಕಾಂಗ್ರೆಸ್ ತೆತ್ತ ಬೆಲೆಯೂ ಸಣ್ಣದಲ್ಲ. 1972ರ ನಂತರ 1992ರವರೆಗೆ ಪಕ್ಷದೊಳಗೆ ಸಾಂಸ್ಥಿಕ ಚುನಾವಣೆಗಳೇ ನಡೆಯಲಿಲ್ಲ. ನಾಯಕತ್ವವನ್ನು ಪ್ರಶ್ನಿಸಬಲ್ಲವರು ಒಳಗೆ ಉಳಿಯಲಿಲ್ಲ. 1979ರಲ್ಲಿ ಅರಸು ಅವರೂ ಉಚ್ಚಾಟನೆಗೊಂಡರು. ಹಾಗೆಂದು ಹಿರಿಯರು ನಿರ್ದೋಷಿಗಳೆನ್ನಲಾಗದು. ಕಿರಿಯಳೊಬ್ಬಳನ್ನು ನಾಯಕಿಯನ್ನಾಗಿ ಆರಿಸಿಯೂ ಆಟವನ್ನು ತಾವೇ ಆಡಿಸಬೇಕೆಂದು ಬಯಸಿದ್ದು ಅವರ ತಪ್ಪು. ಆ ತಪ್ಪಿನ ಹೊಣೆಯಲ್ಲಿ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರ ಪಾಲು ದೊಡ್ಡದು.

ದುರ್ಗದ ಕೊನೆಯ ದಿನಗಳು

1977ರಲ್ಲಿ ಸಂಸ್ಥಾ ಕಾಂಗ್ರೆಸ್ ಜನತಾ ಪಕ್ಷದಲ್ಲಿ ವಿಲೀನವಾಯಿತು. 81ನೆಯ ವಯಸ್ಸಿನಲ್ಲಿ ಮೊರಾರ್ಜಿ ಪ್ರಧಾನಿಯಾದರು, ಸಂಜೀವ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. ನಿಜಲಿಂಗಪ್ಪನವರು ಅಧಿಕಾರದ ಕಡೆಗೆ ಮುಖ ಮಾಡಲಿಲ್ಲ. ಚಿತ್ರದುರ್ಗದ ಮನೆಯಲ್ಲಿ ಸರಳ ಬದುಕು ನಡೆಸಿ, 2000ದ ಆಗಸ್ಟ್ 8ರಂದು 97ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ನಗರದ ಸಮೀಪ ಸೀಬಾರದಲ್ಲಿ ಅವರ ಸ್ಮಾರಕವಿದೆ. ಅವರು ಅಗಲಿ ಕಾಲು ಶತಮಾನ ಸಂದಿದೆ.

ಒಡೆಯುವ ಮುನ್ನ ಕಾಂಗ್ರೆಸ್ಸಿನ ಚಿಹ್ನೆ ನೊಗ ಹೊತ್ತ ಜೋಡೆತ್ತು. ದೇವರ ಎತ್ತುಗಳನ್ನು ಭಕ್ತಿಯಿಂದ ಸಾಕುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಜನರಿಗೆ ಆ ಚಿತ್ರದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಹೋರಿಗೆ ಉಳುಮೆ ಕಲಿಸುವಾಗ ರೈತ ಪಳಗಿದ ಎತ್ತಿನ ಜೊತೆಗೇ ನೊಗಕ್ಕೆ ಕಟ್ಟುತ್ತಾನೆ. ಹಳೆಯದನ್ನು ಮೊದಲೇ ಮಾರಿದರೆ ಹೋರಿ ಸಾಲು ಹಿಡಿಯುವುದಿಲ್ಲ, ಹೋರಿಯನ್ನು ಕಟ್ಟದೆಯೇ ಇದ್ದರೆ ಮುಂದಿನ ವರ್ಷ ಉಳುಮೆ ಸಾಗುವುದಿಲ್ಲ. 1968ರ ಬೆಂಗಳೂರಿನಲ್ಲಿ ನಿಜಲಿಂಗಪ್ಪನವರು ಈ ಪಾಠವನ್ನು ಪಾಲಿಸಿದರು, 1969ರ ದಿಲ್ಲಿಯಲ್ಲಿ ಎರಡು ಬಣಗಳೂ ಅದನ್ನು ಮರೆತವು.