ಎ.ಟಿ.ಪಿ. ಕಂಡುಹಿಡಿದ ಯಲ್ಲಾಪ್ರಗಡ ಸುಬ್ಬರಾವ್

ನಾವು ತಿಂದ ಮುದ್ದೆ, ಅನ್ನ ಗ್ಲೂಕೋಸ್ ಆಗಿ ಜೀವಕೋಶದಲ್ಲಿ ಒಡೆಯುತ್ತೆ ಅಂತ ಓದಿದ್ದೇವೆ. ಆಗ ಹೊರಡುವ ಶಕ್ತಿಯಲ್ಲಿ ದೊಡ್ಡ ಪಾಲು ಶಾಖವಾಗಿ ಹೋಗುತ್ತೆ, ಉಳಿದದ್ದು ಎ.ಟಿ.ಪಿ. ಎಂಬ ವಸ್ತುವಿನಲ್ಲಿ ಸೇರಿ, ಓಡೋಕೆ, ಬರೆಯೋಕೆ ಖರ್ಚಾಗುತ್ತೆ. ಈ ಎ.ಟಿ.ಪಿ.ಯನ್ನು ಕಂಡವರಲ್ಲಿ ಒಬ್ಬರು ನಮ್ಮ ಪಕ್ಕದ ಆಂಧ್ರದವರು ಅಂತ ತಿಳಿದಾಗ ನನಗೆ ಬಹಳ ಆಶ್ಚರ್ಯವಾಯಿತು.

ಸುಬ್ಬರಾವ್ ಹುಟ್ಟಿದ್ದು 12-1-1895ರಂದು, ಭೀಮವರಂನಲ್ಲಿ. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲಕ್ಕೆ! ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಇಂಗ್ಲಿಷ್ ಪ್ರೊಫೆಸರಿಗೆ ಅದು ಹಿಡಿಸಲಿಲ್ಲ. ಚೆನ್ನಾಗಿ ಬರೆದಿದ್ದರೂ ಎಂ.ಬಿ.ಬಿ.ಎಸ್. ಸಿಗದೆ ಕೆಳಗಿನ ಎಲ್.ಎಂ.ಎಸ್. ಸಿಕ್ಕಿತು.

ಹೆಂಡತಿಯನ್ನು ಊರಲ್ಲೇ ಬಿಟ್ಟು ಅಮೆರಿಕದ ಬೋಸ್ಟನ್‌ಗೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಆಮೇಲೆ ಹಾರ್ವರ್ಡ್‌ನಲ್ಲಿ ಫಿಸ್ಕೆ ಎಂಬುವರ ಜೊತೆ ಸೇರಿ 1925ರಲ್ಲಿ ರಂಜಕ ಅಳೆಯುವ ವಿಧಾನ ಕೊಟ್ಟರು. ದ್ರಾವಣ ನೀಲಿಯಾಗುತ್ತೆ, ನೀಲಿ ಹೆಚ್ಚಿದ್ದಷ್ಟೂ ರಂಜಕ ಹೆಚ್ಚು. ಅಷ್ಟು ಸರಳ! ಸ್ನಾಯುವಿಗೆ ಬಲ ಬರೋದು ಲ್ಯಾಕ್ಟಿಕ್ ಆಮ್ಲದಿಂದ ಅಂತ ಆಗ ದೊಡ್ಡವರೆಲ್ಲ ನಂಬಿದ್ದರು. 1922ರ ನೊಬೆಲ್ ಬಂದಿದ್ದೂ ಆ ಕೆಲಸಕ್ಕೇ. ಇವರಿಬ್ಬರು 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎ.ಟಿ.ಪಿ. ಕಂಡರು. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಕೂಡ ಎ.ಟಿ.ಪಿ. ಕಂಡಿದ್ದರು. ಹಳೇ ನಂಬಿಕೆ ಬಿದ್ದುಹೋಯಿತು.

ಆಮ್ಲಜನಕ ಇಲ್ಲದೆ ಒಂದು ಗ್ಲೂಕೋಸ್ ಅಣು ಒಡೆದರೆ ಲಾಭ 2 ಎ.ಟಿ.ಪಿ. ಮಾತ್ರ. ಆಮ್ಲಜನಕದೊಂದಿಗೆ ಪೂರ್ತಿ ಒಡೆದರೆ ಸುಮಾರು 30 (ಹಳೇ ಪುಸ್ತಕಗಳಲ್ಲಿ 38 ಅಂತಿದೆ). ನನಗೆ ಬಹಳ ಇಷ್ಟವಾದದ್ದು ಇನ್ನೊಂದು ಸಂಗತಿ. ಇದು ಸುಬ್ಬರಾವ್ ನಂತರ ಗೊತ್ತಾಗಿದ್ದು. ಎ.ಟಿ.ಪಿ. ಸಾಕಷ್ಟಿದ್ದರೆ ಅದೇ ಹೋಗಿ ಗ್ಲೂಕೋಸ್ ಒಡೆಯುವ ಒಂದು ಕಿಣ್ವಕ್ಕೆ ಅಂಟಿಕೊಂಡು ಕೆಲಸ ನಿಧಾನ ಮಾಡಿಸುತ್ತೆ. ತೊಟ್ಟಿ ತುಂಬಿತು ಅಂತ ನೀರೇ ಬಂದು ಪಂಪ್‌ಸೆಟ್ ನಿಲ್ಲಿಸಿದ ಹಾಗೆ! ಎ.ಟಿ.ಪಿ. ಖರ್ಚಾದರೆ ಮತ್ತೆ ಶುರು.

ಇಷ್ಟಾದರೂ ಹಾರ್ವರ್ಡ್ ಅವರಿಗೆ ಕಾಯಂ ಕೆಲಸ ಕೊಡಲಿಲ್ಲ. ಇದು ಅನ್ಯಾಯ ಅಂತ ನಾನು ಹೇಳುತ್ತೇನೆ. 1940ರಲ್ಲಿ ಲೆಡರ್ಲೆ ಔಷಧ ಕಂಪನಿಗೆ ಹೋದರು. ಆನೆಕಾಲು ರೋಗಕ್ಕೆ ಕೊಡುವ ಡಿ.ಇ.ಸಿ. ಮಾತ್ರೆ ಅಲ್ಲಿ ಅವರ ತಂಡದಿಂದ ಬಂದದ್ದು. ಊರಿಗೆ ಮತ್ತೆ ಬರಲೇ ಇಲ್ಲ. 1948ರ ಆಗಸ್ಟ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು, ಆಗ ವಯಸ್ಸು ಬರೀ 53. ನಮ್ಮ ಅಂಚೆ ಇಲಾಖೆ 1995ರಲ್ಲಿ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಸ್ಟಾಂಪ್ ಕೂಡಿಡುವವರ ಹತ್ತಿರ ಇದ್ದರೆ ದಯವಿಟ್ಟು ತೋರಿಸಿ, ನಾನಿನ್ನೂ ನೋಡಿಲ್ಲ.