ಫ್ಲೋರೈಡ್ ವಿಷವೇ? 'ಒಂದು ಮಿಲಿಗ್ರಾಂ' ಲೆಕ್ಕ ಹಾಕಿದ ದಂತವೈದ್ಯ ಡೀನ್

ಕುಡಿಯುವ ನೀರಿಗೆ ಫ್ಲೋರೈಡ್ ಎಂಬ ವಿಷ ಬೆರೆಸುತ್ತಿದ್ದಾರೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದನ್ನು ಮುಂದಕ್ಕೆ ಕಳಿಸುವ ಮೊದಲು ಎಚ್. ಟ್ರೆಂಡ್ಲಿ ಡೀನ್ ಅವರ ಕತೆ ಓದಿ ಎನ್ನುತ್ತೇವೆ ನಾವು.

ಡೀನ್ ಹುಟ್ಟಿದ್ದು 1893ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ಓದಿದ್ದು ದಂತವೈದ್ಯಕೀಯ. ಆ ಕಾಲಕ್ಕೆ ಕೊಲರಾಡೊ ಮುಂತಾದ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ವರ್ಷಗಟ್ಟಲೆ ಇದರ ಬೆನ್ನು ಹತ್ತಿ, ನೀರಿನಲ್ಲೇ ಏನೋ ಇದೆ ಎಂದು ಅನುಮಾನಿಸಿದ್ದರು. 1931ರಲ್ಲಿ ರಸಾಯನತಜ್ಞ ಎಚ್. ವಿ. ಚರ್ಚಿಲ್ ಆ 'ಏನೋ' ಫ್ಲೋರೈಡ್ ಎಂದು ಪತ್ತೆ ಹಚ್ಚಿದರು. ಯಾರೂ ಬೆರೆಸಿದ್ದಲ್ಲ, ನೆಲದೊಳಗಿನ ಕಲ್ಲುಗಳಿಂದ ನೀರಿಗೆ ಇಳಿದದ್ದು.

ಎಷ್ಟಿದ್ದರೆ ಕಲೆ ಬೀಳುತ್ತದೆ? ಇದನ್ನು ಕಂಡುಹಿಡಿಯುವ ಹೊಣೆ ಸರ್ಕಾರಿ ಸೇವೆಯಲ್ಲಿದ್ದ ಡೀನ್ ಅವರ ಹೆಗಲಿಗೆ ಬಿತ್ತು. ಸಹೋದ್ಯೋಗಿ ಎಲಿಯಾಸ್ ಎಲ್ವೋವ್ ಲೀಟರಿಗೆ 0.1 ಮಿಲಿಗ್ರಾಂ ಫ್ಲೋರೈಡನ್ನೂ ಅಳೆಯುವ ವಿಧಾನ ರೂಪಿಸಿಕೊಟ್ಟರು. ಅದಿಲ್ಲದೆ ಮುಂದಿನದೇನೂ ಆಗುತ್ತಿರಲಿಲ್ಲ ಎಂಬುದು ನಮ್ಮ ಅನಿಸಿಕೆ. 4 ರಾಜ್ಯಗಳ 21 ಊರುಗಳಲ್ಲಿ 7,257 ಮಕ್ಕಳ ಬಾಯಿ ನೋಡಿದ ಮೇಲೆ ಚಿತ್ರ ಸ್ಪಷ್ಟವಾಯಿತು: ಲೀಟರಿಗೆ 1 ಮಿಲಿಗ್ರಾಂ ಆಸುಪಾಸಿನಲ್ಲಿ ಎದ್ದು ಕಾಣುವ ಕಲೆಯಿಲ್ಲ, ಹುಳುಕು ಹಲ್ಲೂ ಕಡಿಮೆ.

1945ರ ಜನವರಿ 25ರಂದು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್ ನಗರ ತನ್ನ ನೀರಿಗೆ ಈ ಪ್ರಮಾಣದಲ್ಲಿ ಫ್ಲೋರೈಡ್ ಸೇರಿಸತೊಡಗಿತು. ಲೆಕ್ಕ ನೋಡಿ. ಒಂದು ಕೋಟಿ ಲೀಟರ್ ನೀರಿಗೆ 10 ಕೆ.ಜಿ. ಫ್ಲೋರೈಡ್ ಬೇಕು, ಸೋಡಿಯಂ ಫ್ಲೋರೈಡ್ ಪುಡಿಯಾದರೆ ಸುಮಾರು 22 ಕೆ.ಜಿ. ಸಾರಿಗೆ ಉಪ್ಪು ಹಾಕಿದಂತೆ ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ. ಎಷ್ಟು ನೀರು ಹರಿಯಿತು, ಎಷ್ಟು ಪುಡಿ ಖರ್ಚಾಯಿತು ಎಂದು ತಾಳೆ ನೋಡಬೇಕು, ನೀರಿನ ಮಾದರಿಯನ್ನು ದಿನವೂ ಪರೀಕ್ಷಿಸಬೇಕು. 15 ವರ್ಷಗಳ ಅಧ್ಯಯನದಲ್ಲಿ, ಅಲ್ಲಿ ಆಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಹಲ್ಲು ಶೇ. 60ಕ್ಕೂ ಹೆಚ್ಚು ಇಳಿದಿತ್ತು. ಈಗ ಟೂತ್‌ಪೇಸ್ಟ್‌ನಲ್ಲೂ ಫ್ಲೋರೈಡ್ ಇರುತ್ತದೆ. 2015ರಲ್ಲಿ ಅಮೆರಿಕ ಈ ಪ್ರಮಾಣವನ್ನು 0.7ಕ್ಕೆ ಇಳಿಸಿತು.

ಡೀನ್ 1962ರಲ್ಲಿ ತೀರಿಕೊಂಡರು. ಮೂವತ್ತು ವರ್ಷಗಳ ನಂತರ, 1992ರಲ್ಲಿ, ಅಲಾಸ್ಕಾದ ಹೂಪರ್ ಬೇ ಹಳ್ಳಿಯಲ್ಲಿ ಉಪಕರಣ ಕೈಕೊಟ್ಟು, ನಿಗಾ ತಪ್ಪಿ, ಫ್ಲೋರೈಡ್ 150 ಮಿಲಿಗ್ರಾಂವರೆಗೆ ಏರಿತು. ಒಬ್ಬರು ಸತ್ತರು, ಹಲವರು ಕಾಯಿಲೆ ಬಿದ್ದರು. ಫಾರ್ವರ್ಡ್‌ನವರು ಹೆದರುವುದರಲ್ಲಿ ಇಷ್ಟು ಮಾತ್ರ ನಿಜ.

ಇನ್ನು ನಮ್ಮ ಕಡೆ ನೀರಿಗೆ ಫ್ಲೋರೈಡ್ ಸೇರಿಸುವ ಪದ್ಧತಿಯೇ ಇಲ್ಲ. ಕೋಲಾರ, ಪಾವಗಡ, ಮುಂಡರಗಿ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ತಾನಾಗಿಯೇ ಹೆಚ್ಚಿದ್ದು, ತೆಗೆಯುವುದೇ ಚಿಂತೆ. ವರ್ಷಾನುಗಟ್ಟಲೆ ಕುಡಿದರೆ ಹಲ್ಲಿಗಷ್ಟೇ ಅಲ್ಲ, ಮೂಳೆಗೂ ಪೆಟ್ಟು. ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5. ಕುದಿಸಿದರೆ ಹೋಗುತ್ತದೆ ಎಂಬುದು ಸುಳ್ಳು, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ. ನಿಮ್ಮದು ಬೋರ್‌ವೆಲ್ ನೀರಾದರೆ ಒಮ್ಮೆ ಪರೀಕ್ಷೆ ಮಾಡಿಸಿ, ವರದಿಯಲ್ಲಿ ಫ್ಲೋರೈಡ್ ಎಂಬ ಸಾಲಿನ ಮುಂದಿನ ಸಂಖ್ಯೆ ನೋಡಿ.