ತಪ್ಪನ್ನು ಒಪ್ಪಿಕೊಂಡ ವಿಜ್ಞಾನಿ: ಸರ್ ಜಾನ್ ಎಕಲ್ಸ್

ಒತ್ತಕ್ಷರ ತಪ್ಪಾದ ಕೂಡಲೇ ಮಕ್ಕಳು ಪುಟವನ್ನು ಕೈಯಿಂದ ಮುಚ್ಚಿಕೊಳ್ಳುವುದನ್ನು ನಾವು ತರಗತಿಯಲ್ಲಿ ದಿನವೂ ನೋಡುತ್ತೇವೆ. ಆಗ ನಮಗೆ ನೆನಪಾಗುವುದು, ಇದೇ ನ್ಯೂಜಿಲೆಂಡಿನಲ್ಲಿ ಏಳು ವರ್ಷ ದುಡಿದ ಒಬ್ಬ ಮಹಾನ್ ವಿಜ್ಞಾನಿಯ ಜೀವನ.

ಜಾನ್ ಎಕಲ್ಸ್ 1903ರ ಜನವರಿ 27ರಂದು ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ ಜನಿಸಿದರು. ತಂದೆ ತಾಯಿ ಇಬ್ಬರೂ ಶಿಕ್ಷಕರು. ವೈದ್ಯಕೀಯ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದ ನೆರವಿನಿಂದ 1925ರಲ್ಲಿ ಆಕ್ಸ್‌ಫರ್ಡ್‌ಗೆ ತೆರಳಿ, ಚಾರ್ಲ್ಸ್ ಶೆರಿಂಗ್ಟನ್ ಅವರ ಶಿಷ್ಯರಾದರು.

ನಮ್ಮ ನರಕೋಶಗಳ ನಡುವೆ ಅತಿ ಸಣ್ಣ ಸಂದುಗಳಿವೆ. ಸುದ್ದಿ ಆ ಸಂದನ್ನು ದಾಟುವುದು ಹೇಗೆ? 1921ರಲ್ಲಿ ಆಟೋ ಲೋವಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ, ನರಗಳು ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ ಎಂದು ತೋರಿಸಿದ್ದರು. ಆದರೆ ಮೆದುಳು ಮತ್ತು ಬೆನ್ನುಹುರಿಯಲ್ಲಿ ಸುದ್ದಿ ದಾಟುವುದು ವಿದ್ಯುತ್ತಿನಿಂದಲೇ ಎಂಬುದು ಎಕಲ್ಸ್ ಅವರ ದೃಢ ನಂಬಿಕೆ. ಇದಕ್ಕಾಗಿ ಅವರು ಹೆನ್ರಿ ಡೇಲ್ ಅವರಂಥ ಹಿರಿಯರೊಂದಿಗೂ ವರ್ಷಗಟ್ಟಲೆ ವಾದಿಸಿದರು.

1944ರಲ್ಲಿ ಅವರು ಡ್ಯುನೆಡಿನ್‌ನ ಒಟಾಗೊ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಆಗ ಕ್ರೈಸ್ಟ್‌ಚರ್ಚ್‌ನಲ್ಲಿದ್ದ ತತ್ವಜ್ಞಾನಿ ಕಾರ್ಲ್ ಪಾಪ್ಪರ್ ಅವರ ಗೆಳೆತನವಾಯಿತು. ತನ್ನ ಊಹೆ ಸುಳ್ಳೆಂದು ತಿಳಿದರೆ ಅದು ಸೋಲಲ್ಲ, ವಿಜ್ಞಾನದ ಮುನ್ನಡೆ ಎಂಬ ಪಾಠ ಅವರಿಂದ ದೊರೆಯಿತು.

1951ರಲ್ಲಿ ಪರೀಕ್ಷೆಯ ಗಳಿಗೆ ಬಂತು. ಎಕಲ್ಸ್, ಬ್ರಾಕ್ ಮತ್ತು ಕೂಂಬ್ಸ್ ಕಣ್ಣಿಗೆ ಕಾಣದಷ್ಟು ಸಪೂರ ಮೊನೆಯ ಗಾಜಿನ ನಳಿಕೆಯನ್ನು ಬೆಕ್ಕಿನ ಬೆನ್ನುಹುರಿಯ ಒಂದೇ ಒಂದು ನರಕೋಶದೊಳಗೆ ಇಳಿಸಿದರು. ಎಕಲ್ಸ್ ಅವರ ವಾದ ಸರಿಯಾಗಿದ್ದರೆ, ಕೋಶವನ್ನು ತಡೆಯುವ ಸಂಕೇತ ಬಂದಾಗ ಅಲ್ಲಿನ ವಿದ್ಯುತ್ ಒಂದು ದಿಕ್ಕಿಗೆ ಬದಲಾಗಬೇಕಿತ್ತು. ಅದು ಬದಲಾದದ್ದು ವಿರುದ್ಧ ದಿಕ್ಕಿಗೆ! ಅವರು ಫಲಿತಾಂಶವನ್ನು ಮುಚ್ಚಿಡಲಿಲ್ಲ. ತಮ್ಮ ವಾದ ಬಿದ್ದುಹೋಯಿತೆಂದು ಸ್ವತಃ ಪ್ರಕಟಿಸಿ, ರಾಸಾಯನಿಕ ಸಂಕೇತಗಳ ಅಧ್ಯಯನಕ್ಕೇ ತೊಡಗಿದರು. ಮುಂದೆ ಕ್ಯಾನ್‌ಬೆರಾದಲ್ಲಿ ಈ ಕೆಲಸ ಬೆಳೆಯಿತು. 1963ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. 1997ರ ಮೇ 2ರಂದು ಸ್ವಿಟ್ಜರ್ಲೆಂಡಿನಲ್ಲಿ ಅವರು ನಿಧನರಾದರು.

ಇಂದು ಆ ರಾಸಾಯನಿಕಗಳ ಓಡಾಟವನ್ನು ಬೆಳಕಾಗಿ ಕಾಣಬಹುದು. 1962ರಲ್ಲಿ ಒಸಾಮು ಶಿಮೊಮುರಾ ಮತ್ತು ಸಂಗಡಿಗರು ಲೋಳೆಮೀನಿನಲ್ಲಿ ಕಂಡ ಹಸಿರು ಹೊಳೆಯುವ ಪ್ರೋಟೀನನ್ನು, ರಾಸಾಯನಿಕವನ್ನು ಗುರುತಿಸಿ ಹಿಡಿಯುವ ಇನ್ನೊಂದು ಪ್ರೋಟೀನಿಗೆ ಬೆಸೆಯುತ್ತಾರೆ. ಬೀಗಕ್ಕೆ ಕೀಲಿ ಕೂತಂತೆ ರಾಸಾಯನಿಕ ಬಂದು ಕೂತಾಗ ಪ್ರೋಟೀನಿನ ಆಕಾರ ಬದಲಾಗಿ, ಹೊಳಪು ಹೆಚ್ಚುತ್ತದೆ. 2018ರಲ್ಲಿ ಅಮೆರಿಕ ಮತ್ತು ಚೀನಾದ ವಿಜ್ಞಾನಿಗಳು ಡೋಪಮೀನ್ ಎಂಬ ರಾಸಾಯನಿಕಕ್ಕೆ ಇಂಥ ಪ್ರೋಟೀನುಗಳನ್ನು ರೂಪಿಸಿ, ಓಡಾಡುವ ಇಲಿಗಳ ಮೆದುಳಿನಲ್ಲೇ ಅದರ ಏರಿಳಿತವನ್ನು ಕಂಡರು.

ಮಕ್ಕಳೇ, ಹ್ಯಾಮಿಲ್ಟನ್‌ನಿಂದ ಡ್ಯುನೆಡಿನ್ ದೂರವಿರಬಹುದು, ಆದರೆ ಎಕಲ್ಸ್ ಅವರ ಪಾಠ ನಮ್ಮ ತರಗತಿಗೂ ಸಲ್ಲುತ್ತದೆ. ಮುಂದಿನ ಸಲ ತಪ್ಪಾದಾಗ ಪುಟದ ಮೇಲಿನ ಕೈ ತೆಗೆಯಿರಿ. ಕೂತು ಒಟ್ಟಿಗೆ ತಿದ್ದೋಣ.